ನಿಘಂಟಿಗೆ ಎಷ್ಟು ಆಯುಸ್ಸು?

(ಒಬ್ಬರು ಅಚ್ಚುಕೂಟದಲ್ಲಿ ಕರಡು ತಿದ್ದಿಯೇ ತಲೆ ಹಣ್ಣಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಸಾಫ್ಟ್‌ವೇರ್ ಕೆಲಸದವಳು. ಮಾತು ಶುರುವಾದದ್ದು ಮಾವನ ಸವಾಲಿನಿಂದ.)

ಮಾವ: ಕಿಟ್ಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಎಪ್ಪತ್ತು ಸಾವಿರದಷ್ಟು ಪದ. ಇವತ್ತು ತೆಗೆದರೂ ಬೇಕಾದ ಪದ ಬೇಕಾದ ಕಡೆ ಸಿಗುತ್ತೆ. ನಿಮ್ಮ ಕಂಪ್ಯೂಟರ್ ನಿಘಂಟುಗಳಲ್ಲಿ ಅಷ್ಟು ಬಾಳಿದ್ದು ಯಾವುದಿದೆ, ಹೇಳು ನೋಡೋಣ.

ಹುಡುಗಿ: ಅಷ್ಟು ಬಾಳೋಕೆ ಕಂಪ್ಯೂಟರೇ ಇರಲಿಲ್ಲವಲ್ಲ ಮಾವ. ಆದರೂ ಮೆರಿಯಮ್-ವೆಬ್‌ಸ್ಟರ್ ನಿಘಂಟು 1996ರಿಂದ ಇಂಟರ್‌ನೆಟ್ಟಿನಲ್ಲಿದೆ. ಆಕ್ಸ್‌ಫರ್ಡ್‌ನವರದು 2000ದಿಂದ.

ಮಾವ: ಇಂಗ್ಲಿಷಿನ ಮಾತು ಬಿಡು. ಅವರ ಹಿಂದೆ ದುಡ್ಡಿದೆ, ಕೊಳ್ಳೋ ಗಿರಾಕಿಗಳಿದ್ದಾರೆ.

ಹುಡುಗಿ: ದುಡ್ಡು ಇತ್ತು, ನಿಜ. ಆದರೆ ಆ ದುಡ್ಡನ್ನ ಯಾವುದಕ್ಕೆ ಸುರಿದರು ಅನ್ನೋದನ್ನ ನೋಡಿ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನವರು ನೂರಿಪ್ಪತ್ತಕ್ಕೂ ಹೆಚ್ಚು ಜನರನ್ನ ಕೂರಿಸಿ ಹಳೆಯ ಸಂಪುಟಗಳನ್ನೆಲ್ಲ ಟೈಪ್ ಮಾಡಿಸಿದರು. ಬರೀ ಅಕ್ಷರ ಅಲ್ಲ. ಇದು ಮುಖ್ಯಪದ, ಇದು ಉಚ್ಚಾರಣೆ, ಇದು ಬೇರು, ಇದು ಪ್ರಯೋಗದ ವಾಕ್ಯ, ಇದು ಆ ವಾಕ್ಯದ ಇಸವಿ ಅಂತ ಒಂದೊಂದು ತುಂಡಿಗೂ ಗುರುತು ಹಾಕಿಸಿದರು. ಅದೇ ಕಡತದಿಂದ 1989ರಲ್ಲಿ ಇಪ್ಪತ್ತು ಸಂಪುಟದ ಎರಡನೇ ಆವೃತ್ತಿ ಬಂತು, 1992ರಲ್ಲಿ ಸಿಡಿ ಬಂತು, 2000ದಲ್ಲಿ ವೆಬ್‌ಸೈಟು ಬಂತು. ಸಿಡಿ ಹಾಕೋ ಕಿಂಡಿಯೇ ಈಗ ಲ್ಯಾಪ್‌ಟಾಪಿನಲ್ಲಿಲ್ಲ. ನಿಘಂಟು ಮಾತ್ರ ಇದೆ.

ಮಾವ: ಅಂದರೆ?

ಹುಡುಗಿ: ಅಂದರೆ ನಿಘಂಟಿನ ಆಯುಸ್ಸು ಯಂತ್ರದ್ದಲ್ಲ. ಪದಗಳನ್ನ ಯಂತ್ರಕ್ಕೆ ಅಂಟದ ಹಾಗೆ ಬಿಡಿಸಿ ಇಟ್ಟಿದ್ದರೆ ಯಂತ್ರ ಹೋದರೂ ಅವು ಉಳಿಯುತ್ತವೆ. ಅಂಟಿಸಿಟ್ಟಿದ್ದರೆ ಯಂತ್ರದ ಜೊತೆಗೇ ಹೋಗುತ್ತವೆ.

ಮಾವ: ನಮ್ಮಲ್ಲಿ ಅಂಟಿಸಿದ್ದೇ ಹೆಚ್ಚು. ಡಿಟಿಪಿ ಬಂದ ಹೊಸದರಲ್ಲಿ ಮೊಳೆ ಜೋಡಿಸೋ ಕಷ್ಟ ತಪ್ಪಿತು ಅಂತ ಕುಣಿದೆವು. ಕೇಸಿನಿಂದ ಒತ್ತಕ್ಷರ ಹುಡುಕಿ ತೆಗೆಯೋದು, ಗ್ಯಾಲಿ ಬಿದ್ದು ಚೆಲ್ಲಿದರೆ ಮತ್ತೆ ಆರಿಸಿ ಜೋಡಿಸೋದು, ಯಾವುದೂ ಇಲ್ಲ. ಆಮೇಲೆ ನೋಡಿದರೆ ಒಂದು ಪ್ರೆಸ್ಸಿನಲ್ಲಿ ಟೈಪ್ ಮಾಡಿದ ಫೈಲು ಇನ್ನೊಂದು ಪ್ರೆಸ್ಸಿನಲ್ಲಿ ತೆರೆದರೆ ಹುಳ ಹರಿದಾಡಿದ ಹಾಗೆ ಕಾಣೋದು. ಅದೇ ಫಾಂಟು ಅವರಲ್ಲೂ ಇರಬೇಕು. ಇಲ್ಲ ಅಂದರೆ ಮುಗೀತು.

ಹುಡುಗಿ: ಆ ಫೈಲಿನ ಒಳಗೆ ಏನಿತ್ತು ಅಂತ ಯಾವತ್ತಾದರೂ ನೋಡಿದ್ದೀರಾ?

ಮಾವ: ಕನ್ನಡ ಇತ್ತು. ಇನ್ನೇನಿರುತ್ತೆ?

ಹುಡುಗಿ: ಕನ್ನಡ ಇರಲೇ ಇಲ್ಲ. ನುಡಿ, ಬರಹ ಅನ್ನೋ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳನ್ನೇ ತಗೊಳ್ಳಿ. ‘ಕನ್ನಡ’ ಅಂತ ಟೈಪ್ ಮಾಡಿದರೆ ಒಳಗೆ ಉಳೀತಿದ್ದದ್ದು ಏಳು ಲ್ಯಾಟಿನ್ ಗುರುತು. ಮೊದಲು ಇಂಗ್ಲಿಷಿನ ದೊಡ್ಡ ‘ಪಿ’, ಅದು ‘ಕ’ದ ಮೈ. ಆಮೇಲೆ ತಲೆ ಮೇಲೆ ಗೀಟು ಹೊತ್ತ ಫ್ರೆಂಚರ ‘ಎ’, ಅದು ತಲೆಕಟ್ಟು. ‘ನ’ದ ಮೈಗೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ. ಅದಕ್ಕೆ ಮತ್ತೆ ತಲೆಕಟ್ಟು. ‘ನ’ ಒತ್ತಿಗೆ ಜರ್ಮನರ ಒಂದಕ್ಷರ. ಫಾಂಟು ಅನ್ನೋದು ಮೇಲೆ ಹೊದಿಸಿದ ಚಿತ್ರ ಅಷ್ಟೇ. ಅದನ್ನ ತೆಗೆದರೆ ಕೆಳಗೆ ಕಾಣೋದೇ ನೀವು ಹೇಳಿದ ಹುಳ.

ಮಾವ: ಅದು ಮೊಳೆ ಜೋಡಿಸೋ ಬುದ್ಧಿಯೇ! ಮೈ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ಸೀಸದ ಬದಲು ಇಂಗ್ಲಿಷ್ ಅಕ್ಷರ ಇಟ್ಟಿದ್ದಾರೆ.

ಹುಡುಗಿ: ಹೌದು, ಅಚ್ಚಿಗೆ ಅದು ಸಾಕು. ಕಾಗದದ ಮೇಲೆ ಬಿದ್ದದ್ದು ಕಣ್ಣಿಗೆ ಕನ್ನಡವಾಗಿ ಕಂಡರೆ ಕೆಲಸ ಆಯಿತು. ನಿಘಂಟಿಗೆ ಸಾಲದು. ನಿಘಂಟಿಗೆ ಹುಡುಕೋದು ಬೇಕು, ಅಕಾರಾದಿಯಾಗಿ ಜೋಡಿಸೋದು ಬೇಕು. ಆ ಫಾಂಟಿನಲ್ಲಿ ‘ಮ’ ಅಂದರೆ ಏನು ಗೊತ್ತಾ? ‘ವ’ ಬರೆದು ಅದಕ್ಕೊಂದು ಬಾಲ.

ಮಾವ: ಹೂಂ, ಆಕಾರದಲ್ಲಿ ಹಾಗೇ ತಾನೇ.

ಹುಡುಗಿ: ಹಾಗಾಗಿ ‘ವ’ ಹುಡುಕಿದರೆ ‘ಮ’ಗಳೆಲ್ಲ ಎದ್ದು ಬರ್ತಿದ್ದವು. ‘ಯ’ದ ಮೊದಲ ತುಂಡು ಅನುಸ್ವಾರದ ಸೊನ್ನೆ, ಆ ಸೊನ್ನೆಗೆ ಇಟ್ಟಿದ್ದು ದೊಡ್ಡ ‘ಎ’. ಹೀಗಾಗಿ ಕಂಪ್ಯೂಟರಿಗೆ ಜೋಡಿಸು ಅಂದರೆ ‘ಯ’ದಿಂದ ಶುರುವಾಗೋ ಪದಗಳು ‘ಅ’ಕ್ಕಿಂತ ಮೊದಲು ಬಂದು ಕೂರೋವು. ‘ರ’ ಹೋಗಿ ‘ಜ’ ಮತ್ತು ‘ಟ’ಗಳ ನಡುವೆ. ಅರ್ಕಾವತ್ತು ಬರೆಯೋ ಕಡೆ ಇರೋದು, ಉಚ್ಚರಿಸೋ ಕಡೆ ಅಲ್ಲ.

ಮಾವ: ಯಕಾರ ಮೊದಲಿರೋ ನಿಘಂಟು! ವ್ಯಾಕರಣ ಬರೆದ ಕೇಶಿರಾಜ ಕೇಳಿದ್ದರೆ ಎದೆ ಒಡೆದುಕೊಳ್ತಿದ್ದ. ಮತ್ತೆ ಇದಕ್ಕೆ ಯಾರೂ ಮದ್ದು ಹುಡುಕಲಿಲ್ಲವೇ?

ಹುಡುಗಿ: ಮದ್ದು ಆಗಲೇ ಇತ್ತು, ಮನೆಗೆ ತಲುಪೋದು ತಡವಾಯಿತು. ಭಾರತೀಯ ಭಾಷೆಗಳಿಗೆ ಅಂತ ಇಸ್ಕಿ ಸಂಕೇತ ಮಾಡಿದ್ದರು. ಅದರ ಜೋಡಣೆಯನ್ನೇ ಹಿಡಿದು ಯುನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ನೂರಿಪ್ಪತ್ತೆಂಟು ಮನೆ ಕೊಟ್ಟಿತು. ಅಲ್ಲಿ ‘ಕ’ ಅಂದರೆ ‘ಕ’. ಮೈ, ತಲೆಕಟ್ಟು ಅನ್ನೋ ಲೆಕ್ಕ ಇಲ್ಲ. ಅಕ್ಷರ ಯಾವುದು ಅನ್ನೋದು ಕಡತದಲ್ಲಿ, ಹೇಗೆ ಕಾಣಬೇಕು ಅನ್ನೋದು ಫಾಂಟಿನ ಪಾಲಿಗೆ. ಆದರೆ ಸಾಮಾನ್ಯರ ಕಂಪ್ಯೂಟರಿನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕಂಡದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟು ಬಂದ ಮೇಲೆ.

ಮಾವ: ಫೋನಿನಲ್ಲಿ?

ಹುಡುಗಿ: ಆಂಡ್ರಾಯ್ಡ್‌ನಲ್ಲಿ 2012ರ ಜೆಲ್ಲಿಬೀನ್ ಆವೃತ್ತಿ ಬರೋವರೆಗೂ ಕನ್ನಡ ಅಂದರೆ ಬಹಳ ಕಡೆ ಬರೀ ಖಾಲಿ ಚೌಕಗಳ ಸಾಲು. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂರದೆ ಫೋನಿಗೆ ನಿಘಂಟು ತರೋದಾದರೂ ಹೇಗೆ?

ಮಾವ: ಸರಿ, ಅಕ್ಷರದ ತೊಡಕು ಬಿಡಿಸಿಕೊಂಡಿತು ಅನ್ನು.

ಹುಡುಗಿ: ಎಲ್ಲಿ ಬಿಡಿಸಿಕೊಂಡಿತು! ಹೊಸದೊಂದು ಬಂತು. ‘ಸಾಫ್ಟ್‌ವೇರ್’ ಬರೆಯೋವಾಗ ‘ಟ’ಕ್ಕೆ ‘ವ’ ಒತ್ತಾಗಿ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕ್ತೀವಿ. ಹಾಕಿ ಬರೆದದ್ದು ಒಂದು ಪದ, ಹಾಕದೆ ಬರೆದದ್ದು ಕಂಪ್ಯೂಟರಿನ ಕಣ್ಣಿಗೆ ಇನ್ನೊಂದು ಪದ. ‘ಓ’ ಸ್ವರದ ಚಿಹ್ನೆಯನ್ನ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡು ಸೇರಿಸಿಯೂ ಇಡಬಹುದು. ನೋಡೋಕೆ ಎರಡೂ ಒಂದೇ. ನಿಘಂಟಿನ ಸೈಟು ಕಟ್ಟೋರು ಮೊದಲು ಇದನ್ನೆಲ್ಲ ಒಂದೇ ರೂಪಕ್ಕೆ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಪದ ಇದ್ದೂ ಸಿಗೋದಿಲ್ಲ.

ಮಾವ: ಇದ್ದೂ ಸಿಗದಿರೋದು ನಮ್ಮ ಕಾಲದಲ್ಲೂ ಇತ್ತು ಕಣೇ. ಯಾರಿಗೋ ‘ಸಂಧಿ’ ಬೇಕು, ಹೋಗಿ ‘ಸಂದಿ’ಯಲ್ಲಿ ಹುಡುಕ್ತಾರೆ. ಮಹಾಪ್ರಾಣ ಎಲ್ಲಿ ಅನ್ನೋದು ಗೊತ್ತಿದ್ದವನಿಗೆ ಮಾತ್ರ ನಿಘಂಟು. ಅಷ್ಟು ಗೊತ್ತಿದ್ದರೆ ಅವನಿಗೆ ನಿಘಂಟು ಯಾಕೆ?

ಹುಡುಗಿ: ಅಲ್ಲೇ ನನಗೆ ಇಷ್ಟದ ತಿರುವು ಇರೋದು. ಕೈಲಾಶ್ ನಾಥ್ ಅಂತ ಒಬ್ಬ ಎಂಜಿನಿಯರು, ಮೊದಲು 2010ರಲ್ಲಿ ಮಲಯಾಳಂಗೆ ‘ಓಳಂ’ ಅನ್ನೋ ನಿಘಂಟಿನ ಸೈಟು ಮಾಡಿದರು. ಅದರ ಅನುಭವದ ಮೇಲೆ ನಿಂತದ್ದು 2019ರಲ್ಲಿ ಬಂದ ನಮ್ಮ ಕನ್ನಡ–ಇಂಗ್ಲಿಷ್ ‘ಅಲರ್’. ಇಲ್ಲಿ ಪದವನ್ನ ಕಾಗುಣಿತದಿಂದ ಮಾತ್ರವಲ್ಲ, ಸದ್ದಿನಿಂದಲೂ ಹುಡುಕೋ ಏರ್ಪಾಡಿದೆ. ಹಳೇ ಉಪಾಯವೇ. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಅನ್ನೋರು 1918ರಲ್ಲೇ ಹೀಗೆ ಮನುಷ್ಯರ ಹೆಸರು ಹುಡುಕೋ ಕ್ರಮಕ್ಕೆ ಪೇಟೆಂಟ್ ಪಡೆದಿದ್ದರು. ಹೆಸರಿನ ಸ್ಪೆಲಿಂಗ್ ಒಬ್ಬೊಬ್ಬರು ಒಂದೊಂದು ಥರ ಬರೆದರೂ ಸದ್ದು ಒಂದೇ ಆದರೆ ಒಂದೇ ಕಡೆ ಸಿಗಬೇಕು ಅಂತ.

ಮಾವ: ಕನ್ನಡಕ್ಕೆ ಅದು ಹೇಗೆ ಕೂರುತ್ತೆ? ನಮ್ಮದು ಬರೆದ ಹಾಗೆ ಓದೋ ಭಾಷೆ.

ಹುಡುಗಿ: ಬರೆದ ಹಾಗೆ ಓದ್ತೀವಿ, ಆದರೆ ಆಡಿದ ಹಾಗೆ ಬರೆಯೋದಿಲ್ಲವಲ್ಲ! ‘ಬಾಷೆ’ ಅಂತ ಟೈಪ್ ಮಾಡೋರು ಎಷ್ಟು ಜನ ಬೇಕು? ಆದ್ದರಿಂದ ಅಲರ್ ಪ್ರತಿ ಪದಕ್ಕೂ ಮೂರು ಬೀಗದ ಕೈ ಮಾಡಿಡುತ್ತೆ. ಮೊದಲನೆಯದು ತೀರಾ ಒರಟು. ಅದರಲ್ಲಿ ಬ-ಭ ಒಂದೇ, ಲ-ಳ ಒಂದೇ, ನ-ಣ ಒಂದೇ, ಸ್ವರಚಿಹ್ನೆಗಳ ಲೆಕ್ಕವೇ ಇಲ್ಲ. ಎರಡನೆಯದು ‘ಳ’, ‘ಣ’ದಂಥ ಗಟ್ಟಿ ಸದ್ದನ್ನ ಬೇರೆ ಅಂತ ಗುರುತಿಸುತ್ತೆ. ಮೂರನೆಯದು ಸ್ವರಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಯಾವುದು ಹೆಚ್ಚು ಹೊಂದುತ್ತೋ ಅದು ಮೇಲೆ ಬರುತ್ತೆ. ‘ಬಾಷೆ’ ಬರೆದವನಿಗೆ ‘ಭಾಷೆ’ ಸಿಗುತ್ತೆ. ಬೈಗುಳ ಇಲ್ಲ, ಕೆಂಪು ಗೆರೆ ಇಲ್ಲ.

ಮಾವ: ಮಹಾಪ್ರಾಣ ತಪ್ಪಿದವನನ್ನೂ ಒಳಗೆ ಬಿಡುತ್ತೆ ಅನ್ನು. ಕರಡು ತಿದ್ದೋನಿಗೆ ಇದು ಮೈ ಉರಿಯೋ ವಿಷಯ. ಆದರೆ ಒಪ್ಪಬೇಕಾದದ್ದು. ಬಾಗಿಲಲ್ಲಿ ತಡೆದು ತಿದ್ದೋದಕ್ಕಿಂತ ಒಳಗೆ ಕರೆದು ಸರಿಯಾದ ರೂಪ ತೋರಿಸೋದು ಮೇಲು. ಸರಿ, ಯಂತ್ರ ಚೆನ್ನಾಗಿದೆ. ಒಳಗಿನ ಸರಕು ಯಾರದು? ಪದಗಳು ಆಕಾಶದಿಂದ ಉದುರಲಿಲ್ಲವಲ್ಲ.

ಹುಡುಗಿ: ವಿ. ಕೃಷ್ಣ ಅನ್ನೋರದು. ದಶಕಗಳ ಕಾಲ ಒಬ್ಬರೇ ಕೂತು ಸಂಗ್ರಹಿಸಿದ್ದು. 1,50,000ಕ್ಕೂ ಹೆಚ್ಚು ಕನ್ನಡ ಪದ, 2,40,000ಕ್ಕೂ ಹೆಚ್ಚು ಇಂಗ್ಲಿಷ್ ಅರ್ಥ.

ಮಾವ: ಒಬ್ಬರೇ! ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ಬರೋಕೆ ಮೊದಲನೆಯದು ಅಚ್ಚಾದ 1970ರಿಂದ 1995ರವರೆಗೆ ಹಿಡಿಯಿತು. ಅದರ ಹಿಂದೆ ವಿದ್ವಾಂಸರ ದಂಡೇ ಇತ್ತು, ಮುಂದೆ ವೆಂಕಟಸುಬ್ಬಯ್ಯನವರು ಇದ್ದರು. ಕಿಟ್ಟೆಲ್ ಬಿಟ್ಟರೆ ಹೀಗೆ ಒಬ್ಬರೇ ಹೊತ್ತದ್ದು ಅಪರೂಪ. ಈಗ ಹೇಳು, ಆ ಸೈಟು ನಾಳೆ ಮುಚ್ಚಿದರೆ ಈ ಮನುಷ್ಯನ ದುಡಿಮೆ ಏನಾಗುತ್ತೆ? ನನ್ನ ಮೊದಲ ಪ್ರಶ್ನೆಯೇ ಅದು.

ಹುಡುಗಿ: ಏನೂ ಆಗೋದಿಲ್ಲ. ಸೈಟಿನ ಜೊತೆಗೇ ಇಡೀ ಪದಕೋಶವನ್ನ ಒಂದು ಸಾದಾ ಪಠ್ಯದ ಕಡತವಾಗಿ ಹೊರಗೆ ಇಟ್ಟಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪದ, ಅದರ ವ್ಯಾಕರಣ, ಅರ್ಥಗಳು ಒಂದರ ಕೆಳಗೆ ಒಂದು. ಅದನ್ನ ತೆರೆಯೋಕೆ ಯಾವ ವಿಶೇಷ ಸಾಫ್ಟ್‌ವೇರೂ ಬೇಡ, ಕಣ್ಣಿದ್ದರೆ ಓದಬಹುದು. ಸೈಟನ್ನ ನಡೆಸೋ ಡಿಕ್ಟ್‌ಪ್ರೆಸ್ ಅನ್ನೋ ಸಾಫ್ಟ್‌ವೇರೂ ಮುಕ್ತವಾಗಿದೆ. ನಾಳೆ ತುಳುವಿಗೋ ಕೊಡವಕ್ಕೋ ನಿಘಂಟಿನ ಸೈಟು ಬೇಕು ಅಂದರೆ ಅದರಲ್ಲಿ ಪದ ತುಂಬಿದರೆ ಆಯಿತು. ಆ ಸಾಫ್ಟ್‌ವೇರು ಹಳತಾದರೆ ಇನ್ನೊಂದು ಬರುತ್ತೆ. ಕಡತ ಹಾಗೇ ಇರುತ್ತೆ.

ಮಾವ: ಯಾರಾದರೂ ಎತ್ತಿಕೊಂಡು ಹೋಗಿ ತಮ್ಮದು ಅಂದರೆ?

ಹುಡುಗಿ: ಪರವಾನಗಿಯಲ್ಲಿ ಷರತ್ತಿದೆ. ಬಳಸಿ, ಮಾರಿದರೂ ಸರಿ. ಆದರೆ ಮೂಲ ಯಾರದು ಅಂತ ಹೇಳಬೇಕು. ಆ ಪದಕೋಶವನ್ನ ತಿದ್ದಿಯೋ ಬೆಳೆಸಿಯೋ ಹೊರತಂದರೆ ಅದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಬಿಡಬೇಕು.

ಮಾವ: ಈಗ ಕಿಟ್ಟೆಲ್ ಯಾಕೆ ಬದುಕಿದ್ದಾನೆ ಅಂತ ಹೊಳೀತಿದೆ ನೋಡು. ನಾನು ಕಾಗದ ಗಟ್ಟಿ ಅಂದುಕೊಂಡಿದ್ದೆ. ಆ ಕಾಲದ ಕಾಗದ ಮುಟ್ಟಿದರೆ ಪುಡಿ. ಅವನು 1903ರಲ್ಲಿ ತೀರಿಕೊಂಡ. ನಮ್ಮ ಕಾನೂನಿನ ಅರವತ್ತು ವರ್ಷ ಯಾವತ್ತೋ ಕಳೆದಿದೆ. ಮದ್ರಾಸ್ ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರ ಕೈಯಲ್ಲಿ ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿಸಿದರು. ಆಮೇಲೆ ಯಾರ‍್ಯಾರೋ ಮರುಮುದ್ರಣ ಮಾಡಿದರು, ಈಗ ಇಂಟರ್‌ನೆಟ್ಟಿನಲ್ಲಿ ಪುಟದ ಚಿತ್ರಗಳಿವೆ. ಯಾರ ಅಪ್ಪಣೆಯೂ ಬೇಕಿಲ್ಲದ್ದರಿಂದ ಎಲ್ಲರೂ ಉಳಿಸಿದರು.

ಹುಡುಗಿ: ಅದನ್ನೇ ನಾನು ಹೇಳ್ತಿದ್ದದ್ದು. ಆದರೆ ಪುಟದ ಚಿತ್ರ ಇದ್ದರೆ ಅರ್ಧ ಮಾತ್ರ ಉಳಿದ ಹಾಗೆ. ಚಿತ್ರದೊಳಗೆ ಹುಡುಕೋಕೆ ಆಗೋದಿಲ್ಲ. ಕಂಪ್ಯೂಟರಿನಿಂದ ಓದಿಸೋಣ ಅಂದರೆ ಕಿಟ್ಟೆಲ್ ಪುಟದಲ್ಲಿ ಒಂದೇ ಸಾಲಿನೊಳಗೆ ಕನ್ನಡ ಅಕ್ಷರ, ಇಂಗ್ಲಿಷು, ಚುಕ್ಕೆ ಗೀಟು ಹೊತ್ತ ರೋಮನ್ ಅಕ್ಷರ, ಆಕರಗಳ ಸಂಕ್ಷೇಪ ಎಲ್ಲ ಒತ್ತೊತ್ತಾಗಿ ಇರುತ್ತೆ. ಯಂತ್ರ ತಬ್ಬಿಬ್ಬಾಗುತ್ತೆ. ಕೊನೆಗೆ ಮನುಷ್ಯರೇ ಕೂತು ತಿದ್ದಬೇಕು.

ಮಾವ: ಅಬ್ಬ, ಕರಡು ತಿದ್ದೋನಿಗೆ ಇನ್ನೂ ಕೆಲಸ ಇದೆ ಅಂತಾಯಿತು! ಸರಿ, ಒಂದು ಪರೀಕ್ಷೆ ಮಾಡೋಣ. ನಿನ್ನ ಫೋನಿನಲ್ಲಿ ‘ಕಿತ್ತನು’ ಅಂತ ಹಾಕು.

ಹುಡುಗಿ: ‘ಕಿತ್ತನು’ ಹಾಗೇ ಹಾಕಿದರೆ ಮುಖ್ಯಪದದಲ್ಲಿ ಸಿಗಲಾರದು. ‘ಕೀಳು’ ಅಂತ ಹಾಕಬೇಕು.

ಮಾವ: ‘ಹೊತ್ತನು’?

ಹುಡುಗಿ: ‘ಹೊರು’ ಅಂತ ಹಾಕಬೇಕು. ಇಲ್ಲದಿದ್ದರೆ ಕಾಲ ಅನ್ನೋ ಅರ್ಥದ ‘ಹೊತ್ತು’ ಬಂದು ಕೂರುತ್ತೆ.

ಮಾವ: ಹಾಗಾದರೆ ಇಷ್ಟೆಲ್ಲ ಹಾರಾಡಿಯೂ ನೀವು ಕಿಟ್ಟೆಲ್ ನಿಂತಲ್ಲೇ ನಿಂತಿದ್ದೀರಿ! ಧಾತು ಯಾವುದು ಅಂತ ಗೊತ್ತಿದ್ದವನಿಗೆ ಮಾತ್ರ ಅರ್ಥ.

ಹುಡುಗಿ: ಇದು ನಿಜವಾದ ಗಂಟು, ಮಾವ. ಇಂಗ್ಲಿಷಿನಲ್ಲಿ ಪದದ ಬಾಲ ಕತ್ತರಿಸೋದು ಸುಲಭ. ಮಾರ್ಟಿನ್ ಪೋರ್ಟರ್ ಅನ್ನೋರು 1980ರಲ್ಲಿ ಕೊಟ್ಟ ನಿಯಮಗಳು ಇವತ್ತಿಗೂ ಬಳಕೆಯಲ್ಲಿವೆ. ಕನ್ನಡದಲ್ಲಿ ಬಾಲದ ಮೇಲೆ ಬಾಲ. ‘ಊರುಗಳಲ್ಲೆಲ್ಲ’ ಅನ್ನೋದರಲ್ಲಿ ಬಹುವಚನ ಇದೆ, ವಿಭಕ್ತಿ ಇದೆ, ಸಂಧಿಯಾಗಿ ಇನ್ನೊಂದು ಪದವೇ ಸೇರಿಕೊಂಡಿದೆ. ‘ಕೀಳು’ ‘ಕಿತ್ತ’ ಆಗೋ ಕಡೆ ಧಾತುವಿನ ಮುಖವೇ ಬದಲು. ವಿಭಕ್ತಿ ಬಿಡಿಸೋ ಪ್ರೋಗ್ರಾಮುಗಳನ್ನ ಸಂಶೋಧಕರು ಬರೆದಿದ್ದಾರೆ. ಓದುಗ ಪತ್ರಿಕೆಯ ಸಾಲಿನಿಂದ ಯಾವ ಪದ ಎತ್ತಿ ಹಾಕಿದರೂ ಮೂಲಕ್ಕೆ ಕರೆದೊಯ್ಯೋ ನಿಘಂಟು ಆಗಬೇಕಾಗಿದೆ.

ಮಾವ: ಅದಕ್ಕೆಲ್ಲ ಈಗ ಕೃತಕ ಬುದ್ಧಿಮತ್ತೆ ಇದೆಯಂತಲ್ಲ. ನಮ್ಮ ಪಕ್ಕದ ಮನೆ ಹುಡುಗ ನಿಘಂಟೇ ನೋಡೋದಿಲ್ಲ. ಇಡೀ ವಾಕ್ಯ ಹಾಕ್ತಾನೆ, ಅದು ಅರ್ಥ ಹೇಳುತ್ತೆ. ಧಾತು ಗೀತು ಏನೂ ಬೇಡ.

ಹುಡುಗಿ: ಬಳಕೆಯ ಮಾತಿಗೆ ಚೆನ್ನಾಗೇ ಹೇಳುತ್ತೆ. ವಾಕ್ಯದ ಸಂದರ್ಭ ನೋಡಿ ‘ಹೊತ್ತು’ ಯಾವುದು ಅಂತ ಬೇರೆ ಮಾಡೋದರಲ್ಲಿ ನಿಘಂಟಿಗಿಂತ ಮೇಲು. ತೊಂದರೆ ಇರೋದು ಅಪರೂಪದ ಪದದಲ್ಲಿ. ಹಳಗನ್ನಡದ್ದೋ ಒಂದು ಸೀಮೆಯ ಕಸುಬಿನದೋ ಪದ ಕೊಡಿ. ಗೊತ್ತಿದ್ದಾಗ ಎಷ್ಟು ಠೀವಿಯಿಂದ ಹೇಳುತ್ತೋ ಗೊತ್ತಿಲ್ಲದಾಗಲೂ ಅಷ್ಟೇ ಠೀವಿಯಿಂದ ಹೇಳಿಬಿಡಬಹುದು. ಎರಡರಲ್ಲಿ ಯಾವುದು ಅಂತ ಕೇಳಿದವನಿಗೆ ತಿಳಿಯೋದಿಲ್ಲ.

ಮಾವ: ನಿಘಂಟು ‘ಸಿಗಲಿಲ್ಲ’ ಅನ್ನುತ್ತೆ. ಅದೂ ಒಂದು ಉತ್ತರವೇ. ಕಿಟ್ಟೆಲ್ ಅರ್ಥದ ಪಕ್ಕ ಆಕರ ಕೊಡ್ತಾನೆ. ಪರಿಷತ್ತಿನ ನಿಘಂಟು ಶಾಸನದ ಸಾಲು, ಕಾವ್ಯದ ಸಾಲು ಎತ್ತಿ ತೋರಿಸುತ್ತೆ. ನಂಬದಿದ್ದರೆ ಹೋಗಿ ನೋಡಿಕೋ ಅಂತ. ನಿನ್ನ ಯಂತ್ರ ಎಲ್ಲಿ ಹೋಗಿ ನೋಡು ಅನ್ನುತ್ತೆ?

ಹುಡುಗಿ: ಅದಕ್ಕೇ ಯಂತ್ರಕ್ಕೂ ನಿಘಂಟು ಬೇಕು. ಮೊದಲು ಪದಕೋಶದಲ್ಲಿ ಹುಡುಕು, ಸಿಕ್ಕಿದ್ದನ್ನ ಮುಂದಿಟ್ಟುಕೊಂಡು ವಿವರಿಸು, ಎಲ್ಲಿಂದ ತಂದೆ ಅಂತಲೂ ಹೇಳು ಅಂತ ಕಟ್ಟಬಹುದು. ಬೀಗ ಹಾಕಿದ ಸೈಟಿನಿಂದ ಇದು ಆಗೋದಿಲ್ಲ, ತೆರೆದಿಟ್ಟ ಕಡತದಿಂದ ಆಗುತ್ತೆ. ಸಿಡಿ, ಸೈಟು, ಫೋನು, ಈಗ ಇದು. ಪ್ರತಿ ಸಲವೂ ಆಚೆ ದಡ ಮುಟ್ಟಿದ್ದು ಬಿಡಿಸಿಟ್ಟ ಪದಗಳೇ.

ಮಾವ: ಒಪ್ಪಿದೆ. ಆದರೆ ಒಂದು ತಕರಾರು ಉಳಿದಿದೆ, ಇದಕ್ಕೆ ಉತ್ತರ ಹೇಳು. ನಾನು ಲೇಖನದಲ್ಲಿ ಕಿಟ್ಟೆಲ್ ಅಂತ ಉಲ್ಲೇಖಿಸಿದರೆ 1894ರದು, ಇಂಥ ಪುಟ ಅಂತ ಬರೀತೀನಿ. ಓದೋನು ಅದೇ ಪುಟ ತೆಗೆದರೆ ಅದೇ ಸಾಲು. ಸೈಟಿನದನ್ನ ಉಲ್ಲೇಖಿಸಿದರೆ? ಇವತ್ತು ಇದ್ದ ಅರ್ಥವನ್ನ ನಾಳೆ ಯಾರೋ ತಿದ್ದಿರ್ತಾರೆ. ನಾನು ಸುಳ್ಳು ಬರೆದೆ ಅಂತ ಆಗುತ್ತೆ.

ಹುಡುಗಿ: ತಿದ್ದಿದ್ದೆಲ್ಲ ದಾಖಲಾಗುತ್ತೆ. ಕಡತ ಇಟ್ಟಿರೋ ಗಿಟ್‌ಹಬ್‌ನಲ್ಲಿ ಯಾವ ದಿನ ಯಾವ ಸಾಲು ಬದಲಾಯಿತು ಅನ್ನೋದು ಉಳಿಯುತ್ತೆ.

ಮಾವ: ಅದು ನಿನ್ನಂಥವರಿಗೆ ಕಾಣುತ್ತೆ. ಪದ ಹುಡುಕಿಕೊಂಡು ಬಂದ ಮೇಷ್ಟರಿಗೆ ಕಾಣುತ್ತಾ? ನಮ್ಮಲ್ಲಿ ತಪ್ಪು ಉಳಿದರೆ ಪುಸ್ತಕದ ಕೊನೆಗೆ ‘ತಪ್ಪು–ಒಪ್ಪು’ ಅಂತ ಒಂದು ಹಾಳೆ ಅಂಟಿಸ್ತಿದ್ವಿ. ಪುಟ ಇಂಥದ್ದು, ಸಾಲು ಇಂಥದ್ದು, ಹೀಗಿದ್ದದ್ದನ್ನ ಹೀಗೆ ಓದಿಕೊಳ್ಳಿ ಅಂತ. ನೋಡೋಕೆ ಅವಮಾನದ ಹಾಳೆ, ಆದರೆ ಪುಸ್ತಕಕ್ಕೆ ಅದರಿಂದಲೇ ಮರ್ಯಾದೆ. ವೆಬ್ ನಿಘಂಟಿನಲ್ಲಿ ಪ್ರತಿ ಪದದ ಕೆಳಗೇ ಅದು ಇರಲಿ. ಎಂದು ಸೇರಿತು, ಎಂದು ತಿದ್ದಿದರು, ಮೊದಲು ಏನಿತ್ತು.

ಹುಡುಗಿ: ಮಾಡೋಕೆ ಕಷ್ಟದ್ದೇನಲ್ಲ. ಮಾಹಿತಿ ಇದ್ದೇ ಇದೆ, ತೋರಿಸಬೇಕು ಅಷ್ಟೇ. ಬರೆದು ಕೊಡಿ, ಸಲಹೆ ಅಂತ ಕಳಿಸ್ತೀನಿ.

ಮಾವ: ಕಳಿಸು. ಜೊತೆಗೆ ಅರ್ಥಕ್ಕೆ ಆಕರ ಕೊಡೋ ಒಂದು ಅಂಕಣವನ್ನೂ ಕೇಳು. ಅಂಕಣ ಇದ್ದರೆ ತುಂಬೋರು ಬರ್ತಾರೆ. ಕರಡು ತಿದ್ದಿ ನಿವೃತ್ತರಾದೋರು ಊರೂರಲ್ಲೂ ಇದ್ದೀವಿ.